300 ಮೀಟರ್ ಆಚೆಯ ಹಿಮಕರಡಿ: ಹಡಗಿನ ಡೆಕ್ಕಿನಿಂದ ನೋಡುವುದು ಹೇಗೆ?

2025ರ ಜನವರಿ 1ರಿಂದ ಸ್ವಾಲ್ಬಾರ್ಡಿನಲ್ಲಿ ಹಿಮಕರಡಿ ನೋಡುವ ಲೆಕ್ಕವೇ ಬದಲಾಗಿದೆ. ಹಡಗಾಗಲಿ, ರಬ್ಬರ್ ದೋಣಿಯಾಗಲಿ, ನಡೆದು ಹೋಗುವವರಾಗಲಿ ಕರಡಿಯಿಂದ ಕನಿಷ್ಠ 300 ಮೀಟರ್ ದೂರ ಇರಬೇಕು. ಮಾರ್ಚ್ 1ರಿಂದ ಜೂನ್ 30ರವರೆಗೆ ಈ ದೂರ 500 ಮೀಟರ್. ಆದರೆ ಜಾಹೀರಾತುಗಳಲ್ಲಿ, ಯೂಟ್ಯೂಬ್ ವಿಡಿಯೊಗಳಲ್ಲಿ ಇನ್ನೂ ಓಡಾಡುತ್ತಿರುವುದು ಹಡಗಿನ ಮೂತಿಯ ಕೆಳಗೇ ಬಂದು ಕತ್ತೆತ್ತಿ ನೋಡುವ ಕರಡಿಯ ಹಳೆಯ ಚಿತ್ರಗಳು. ಲಕ್ಷಗಟ್ಟಲೆ ರೂಪಾಯಿ ತೆತ್ತು, ಆ ಚಿತ್ರವನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೋದವರು ಡೆಕ್ಕಿನ ಮೇಲೆ ಪೆಚ್ಚಾಗಿ ನಿಲ್ಲಬೇಕಾಗುತ್ತದೆ. ಈಗ ಅಲ್ಲಿ ನಿಜಕ್ಕೂ ಏನು ಕಾಣುತ್ತದೆ, ಹೇಗೆ ಕಾಣುತ್ತದೆ, ಹಡಗು ಏನು ಮಾಡುತ್ತದೆ, ಏನು ಮಾಡುವಂತಿಲ್ಲ ಎಂಬುದನ್ನು ಬುಡದಿಂದ ನೋಡೋಣ.

ಈ ಸ್ವಾಲ್ಬಾರ್ಡ್ ಎಲ್ಲಿದೆ?

ನಾರ್ವೆಯ ಮುಖ್ಯಭೂಮಿಗೂ ಉತ್ತರ ಧ್ರುವಕ್ಕೂ ನಡುವೆ, 74ರಿಂದ 81 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಹರಡಿರುವ ದ್ವೀಪಸಮೂಹ ಇದು. ವಿಸ್ತೀರ್ಣ ಸುಮಾರು 61,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರನೇ ಒಂದು ಭಾಗದಷ್ಟು. ಮುಖ್ಯ ಊರು ಲಾಂಗ್‌ಯಿಯರ್‌ಬೀನ್. ಜನ ಹೆಚ್ಚುಕಡಿಮೆ 2,500. ನಮಗೆ ಇದು ತೀರಾ ಪರಕೀಯ ಜಾಗವೇನಲ್ಲ. ಈ ದ್ವೀಪಗಳ ಮೇಲೆ ನಾರ್ವೆಯ ಅಧಿಕಾರವನ್ನು ಒಪ್ಪಿದ 1920ರ ಒಪ್ಪಂದಕ್ಕೆ ಬ್ರಿಟಿಷರ ಕಾಲದ ಭಾರತದ ಪರವಾಗಿಯೂ ಸಹಿ ಬಿದ್ದಿತ್ತು. 2008ರಿಂದ ಇಲ್ಲಿನ ನೀ-ಓಲೆಸುಂಡ್ ಎಂಬಲ್ಲಿ ಭಾರತದ ಸಂಶೋಧನಾ ಕೇಂದ್ರ ‘ಹಿಮಾದ್ರಿ’ ನಡೆಯುತ್ತಿದೆ.

‘ಅಲ್ಲಿ ಜನರಿಗಿಂತ ಕರಡಿಗಳೇ ಹೆಚ್ಚು’ ಎಂಬ ಮಾತನ್ನು ನೀವು ಕೇಳಿರಬಹುದು. ಅದರ ಹಿಂದಿರುವುದು 2004ರ ಗಣತಿಯ 2,650 ಎಂಬ ಅಂದಾಜು. ಆದರೆ ಅದು ರಷ್ಯಾದ ದ್ವೀಪಗಳನ್ನೂ ಸೇರಿಸಿಕೊಂಡು ಇಡೀ ಬ್ಯಾರೆಂಟ್ಸ್ ಸಮುದ್ರದ ಲೆಕ್ಕ. ವರ್ಷಪೂರ್ತಿ ಸ್ವಾಲ್ಬಾರ್ಡಿನಲ್ಲೇ ಉಳಿಯುವ ಕರಡಿಗಳು ಸುಮಾರು 300. ಅಷ್ಟು ದೊಡ್ಡ ಜಾಗದಲ್ಲಿ 300! ಹಡಗು ಹತ್ತಿದ ಮರುದಿನವೇ ಕರಡಿ ಕಾಣುತ್ತದೆ ಎಂದುಕೊಳ್ಳುವ ಮೊದಲು ಈ ಸಂಖ್ಯೆ ನೆನಪಿರಲಿ.

ಮಂಜುಗಡ್ಡೆಯಲ್ಲೂ ಬಗೆ ಇದೆ

ಹಿಮಕರಡಿಯ ಮುಖ್ಯ ಆಹಾರ ಸೀಲ್ ಎಂಬ ಕಡಲಪ್ರಾಣಿ, ಅದರಲ್ಲೂ ರಿಂಗ್ಡ್ ಸೀಲ್ ಎಂಬ ಸಣ್ಣ ಜಾತಿ. ನೀರಿನಲ್ಲಿ ಸೀಲ್‌ನ ವೇಗಕ್ಕೆ ಕರಡಿ ಸಾಟಿಯಲ್ಲ. ಸೀಲ್ ಉಸಿರಾಡಲು ಮೇಲೆ ಬರುವ ತೂತು, ಮಲಗುವ ಗಡ್ಡೆ, ಮರಿ ಹಾಕುವ ಹಿಮದ ಗೂಡು ಇವೇ ಕರಡಿಗೆ ಬೇಟೆಯ ಜಾಗಗಳು. ಹಾಗಾಗಿ ಕರಡಿ ಹುಡುಕುವುದೆಂದರೆ ಮೊದಲು ಸರಿಯಾದ ಮಂಜುಗಡ್ಡೆಯನ್ನು ಹುಡುಕುವುದು. ಹಡಗಿನ ಗೈಡ್‌ಗಳು ಮುಖ್ಯವಾಗಿ ಎರಡು ಬಗೆಯ ಗಡ್ಡೆಯ ಮಾತಾಡುತ್ತಾರೆ.

ಒಂದು, ದಡಕ್ಕೆ ಅಂಟಿಕೊಂಡು ಹೆಪ್ಪುಗಟ್ಟಿದ ಸ್ಥಿರ ಗಡ್ಡೆ. ಕಡಲು ಒಳನಾಡಿಗೆ ನುಗ್ಗಿ ಆಗಿರುವ ಕೊಲ್ಲಿಗಳ ತುದಿಯಲ್ಲಿ, ಹಿಮನದಿಗಳು ಸಮುದ್ರಕ್ಕೆ ಇಳಿಯುವ ಕಡೆ, ಚಪ್ಪಟೆ ಹಾಸಿನಂತೆ ಇರುತ್ತದೆ. ವಸಂತದಲ್ಲಿ ಸೀಲ್‌ಗಳು ಮರಿ ಹಾಕುವುದು ಹೆಚ್ಚಾಗಿ ಇಲ್ಲೇ. ಹಡಗು ಇದನ್ನು ಒಡೆದು ಒಳಗೆ ಹೋಗುವಂತಿಲ್ಲ. ಅಂಚಿನಲ್ಲೇ ನಿಂತು ನೋಡಬೇಕು.

ಇನ್ನೊಂದು, ಗಾಳಿ ಮತ್ತು ಪ್ರವಾಹದೊಡನೆ ಅಲೆಯುವ ತೇಲುಗಡ್ಡೆ. ಬೇಸಿಗೆಯಲ್ಲಿ ಇದು ದ್ವೀಪಗಳ ಉತ್ತರಕ್ಕೆ ಸರಿಯುತ್ತದೆ. ಇದರ ಅಂಚು ಇಂದು ಇದ್ದಲ್ಲಿ ನಾಳೆ ಇರುವುದಿಲ್ಲ. ಕ್ಯಾಪ್ಟನ್ ದಿನವೂ ಉಪಗ್ರಹ ಆಧಾರಿತ ಮಂಜುಗಡ್ಡೆ ನಕ್ಷೆ ನೋಡಿ ದಾರಿ ಗೊತ್ತುಮಾಡುವುದು ಇದಕ್ಕೇ. ‘ನಾಲ್ಕನೇ ದಿನ ಇಂಥ ಜಾಗ’ ಎಂದು ಅಚ್ಚಾಗಿರುವ ಕಾರ್ಯಕ್ರಮ ಪಟ್ಟಿಯನ್ನು ಬರಿಯ ಅಂದಾಜು ಎಂದೇ ಓದಿಕೊಳ್ಳಿ.

ಗಡ್ಡೆ ಉತ್ತರಕ್ಕೆ ಸರಿದಾಗ ಕೆಲವು ಕರಡಿಗಳು ಅದರ ಜೊತೆಗೇ ಹೋಗುತ್ತವೆ, ಕೆಲವು ದಡದಲ್ಲೇ ಉಳಿಯುತ್ತವೆ. ಉಳಿದವು ಹಕ್ಕಿಮೊಟ್ಟೆ, ಸತ್ತ ತಿಮಿಂಗಿಲ, ಒಮ್ಮೊಮ್ಮೆ ಹಿಮಸಾರಂಗ ತಿಂದು ದಿನ ತಳ್ಳುತ್ತವೆ. ಆಗಸ್ಟಿನಲ್ಲಿ ಕಲ್ಲುಗುಡ್ಡೆಯ ಮೇಲೆ, ಪಾಚಿಯ ನಡುವೆ ಕರಡಿ ಕಂಡು ‘ಇದೇನು, ಹಿಮವೇ ಇಲ್ಲ!’ ಎಂದು ಅಚ್ಚರಿಪಡುವವರು ಬಹಳ.

ಬಿಳಿಯಲ್ಲಿ ಬಿಳಿ ಹುಡುಕುವ ಕೆಲಸ

ಕಬಿನಿಯಲ್ಲೋ ನಾಗರಹೊಳೆಯಲ್ಲೋ ಸಫಾರಿ ಮಾಡಿದವರಿಗೆ ಗೊತ್ತು: ಹುಲಿಯನ್ನು ಕಣ್ಣಿಗಿಂತ ಮೊದಲು ಕಿವಿ ಹಿಡಿಯುತ್ತದೆ. ಜಿಂಕೆ ಕೂಗುತ್ತದೆ, ಮುಸುವ ಕೆಮ್ಮುತ್ತದೆ, ಜೀಪು ಅತ್ತ ತಿರುಗುತ್ತದೆ. ಮಂಜುಗಡ್ಡೆಯ ಮೇಲೆ ಹೀಗೆ ಸುಳಿವು ಕೊಡುವವರು ಯಾರೂ ಇಲ್ಲ. ಇಲ್ಲಿ ಎಲ್ಲವೂ ಕಣ್ಣಿನ ಕೆಲಸ, ಅದೂ ಗಂಟೆಗಟ್ಟಲೆ.

ಮೊದಲ ಪಾಠ: ಹಿಮಕರಡಿ ಬಿಳಿಯಲ್ಲ. ಅದರ ಕೂದಲಿಗೆ ಬಣ್ಣವೇ ಇಲ್ಲ; ಒಳಗೆ ಟೊಳ್ಳಾಗಿ, ಅರೆಪಾರದರ್ಶಕವಾಗಿರುತ್ತದೆ. ಬೆಳಕು ಚದುರುವುದರಿಂದ ಬಿಳಿ ಎನಿಸುತ್ತದೆ. ಸೀಲ್ ಕೊಬ್ಬಿನ ಎಣ್ಣೆ ಮೆತ್ತಿಕೊಂಡು, ಬಿಸಿಲಿಗೆ ಮಾಗಿ, ಅದು ಕೆನೆಬಣ್ಣಕ್ಕೋ ಹಳೆಯ ಬೆಣ್ಣೆಯ ಬಣ್ಣಕ್ಕೋ ತಿರುಗಿರುತ್ತದೆ. ಮಂಜುಗಡ್ಡೆಯದು ನೀಲಿ ಬೆರೆತ ಬಿಳಿ. ಆದ್ದರಿಂದ ಹುಡುಕಬೇಕಾದ್ದು ತಿಳಿಹಳದಿ ಚುಕ್ಕೆಯನ್ನು.

ಎರಡನೆಯದು ಕ್ರಮ. ಬೈನಾಕ್ಯುಲರ್ ಹಿಡಿದು ಅತ್ತಿತ್ತ ಸುಮ್ಮನೆ ತೂರಾಡಿಸಿದರೆ ಏನೂ ಸಿಗದು. ಹೊಲದಲ್ಲಿ ಸಾಲು ಹಿಡಿದು ಕಳೆ ಕೀಳುವ ಹಾಗೆ ಹೋಗಬೇಕು. ದಿಗಂತದ ಎಡತುದಿಯಿಂದ ಶುರುಮಾಡಿ. ಕಣ್ಣಿಗೆ ಬಿದ್ದ ವೃತ್ತವನ್ನು ಮೂರ್ನಾಲ್ಕು ಸೆಕೆಂಡು ಅಲುಗಿಸದೆ ನೋಡಿ. ಅದರ ಕಾಲುಭಾಗ ಮತ್ತೆ ಸೇರುವಂತೆ ಬಲಕ್ಕೆ ಸರಿಸಿ. ಬಲತುದಿ ಮುಟ್ಟಿದ ಮೇಲೆ ಒಂದು ಸಾಲು ಕೆಳಗಿಳಿದು ಎಡಕ್ಕೆ ಮರಳಿ. ಮುಗಿದ ಮೇಲೆ ಮತ್ತೆ ಮೊದಲಿಂದ. ಗಡ್ಡೆಗಳು ಒಂದಕ್ಕೊಂದು ಒತ್ತಿ ಎದ್ದ ದಿಬ್ಬಗಳ ಹಿಂದೆ ಮಲಗಿದ ಕರಡಿ ಮೊದಲ ಸುತ್ತಿನಲ್ಲಿ ಕಾಣದೆ, ಮೂರನೇ ಸುತ್ತಿನಲ್ಲಿ ತಲೆ ಎತ್ತಿದಾಗ ಸಿಕ್ಕಿಬೀಳುವುದು ಮಾಮೂಲು. ಆದಷ್ಟು ಮೇಲಿನ ಡೆಕ್ಕಿನಲ್ಲಿ ನಿಲ್ಲಿ. ಎತ್ತರ ಹೆಚ್ಚಿದಷ್ಟೂ ದಿಬ್ಬಗಳ ಹಿಂಬದಿ ಕಾಣುತ್ತದೆ.

ಕರಡಿಯೇ ಕಾಣಬೇಕೆಂದಿಲ್ಲ. ಹಿಮದ ಮೇಲೆ ಕೆಂಪು ಕಲೆ, ಒಂದೇ ಕಡೆ ಏಳುತ್ತ ಇಳಿಯುತ್ತ ಇರುವ ಗಲ್ ಹಕ್ಕಿಗಳು, ನೇರ ಗೆರೆಯಂತೆ ಸಾಗಿದ ಹೆಜ್ಜೆಸಾಲು ಇವು ಕಂಡರೂ ಹೇಳಿ. ಅಪ್ಪಟ ಬಿಳಿಯ ಐವರಿ ಗಲ್ ಹಕ್ಕಿ ಕರಡಿಯ ಊಟದ ಎಂಜಲಿಗೆ ಕಾಯುವುದು.

ಮೋಸಹೋಗುವ ಜಾಗಗಳೂ ಇವೆ. ಮಗುಚಿಬಿದ್ದ ಗಡ್ಡೆಯ ತಳದಲ್ಲಿ ಪಾಚಿ ಬೆಳೆದು ಕಂದುಹಳದಿಯಾಗಿರುತ್ತದೆ. ದೂರದಿಂದ ಥೇಟ್ ಕರಡಿ. ದಡದಲ್ಲಾದರೆ ತಿಳಿಬಣ್ಣದ ಬಂಡೆ, ಕರಗದೆ ಉಳಿದ ಹಿಮದ ತೇಪೆ, ಹಿಮಸಾರಂಗ. ಅನುಮಾನ ಬಂದರೆ ಆ ಚುಕ್ಕೆಯ ಪಕ್ಕದ ಒಂದು ಗುರುತು ಹಿಡಿದು ಎರಡು ನಿಮಿಷ ನೋಡಿ. ಎರಡರ ನಡುವಿನ ಅಂತರ ಬದಲಾದರೆ ಬ್ರಿಡ್ಜಿಗೆ, ಅಂದರೆ ಹಡಗು ನಡೆಸುವ ಕೋಣೆಗೆ, ತಿಳಿಸಿ. ಹೇಳುವಾಗ ‘ಅಗೋ ಅಲ್ಲಿ’ ಎಂದರೆ ಪ್ರಯೋಜನವಿಲ್ಲ. ಹಡಗಿನ ಮೂತಿಯನ್ನು 12 ಗಂಟೆ ಎಂದಿಟ್ಟುಕೊಂಡು ಗಡಿಯಾರದ ಲೆಕ್ಕದಲ್ಲಿ ಹೇಳುವುದು ರೂಢಿ: ‘2 ಗಂಟೆಯ ದಿಕ್ಕು, ನೀಲಿ ದಿಬ್ಬದ ಎಡಕ್ಕೆ.’

ಏಪ್ರಿಲ್ ಮೂರನೇ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಇಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಹಾಗಾಗಿ ರಾತ್ರಿ ಮೂರು ಗಂಟೆಗೂ ಕ್ಯಾಬಿನ್ನಿನ ಸ್ಪೀಕರಿನಲ್ಲಿ ಕರೆ ಬರಬಹುದು. ಬೆಚ್ಚನೆಯ ಬಟ್ಟೆ, ಟೋಪಿ, ಬೈನಾಕ್ಯುಲರ್ ಬಾಗಿಲ ಪಕ್ಕದಲ್ಲೇ ಇರಲಿ.

300 ಮೀಟರ್ ಎಂದರೆ ಕಣ್ಣಿಗೆ ಎಷ್ಟು?

ಸಾಲಾಗಿ 15 ಕ್ರಿಕೆಟ್ ಪಿಚ್‌ಗಳು. ದೊಡ್ಡ ಗಂಡು ಕರಡಿ ಮೂಗಿನಿಂದ ಬಾಲಕ್ಕೆ ಸುಮಾರು 2.4 ಮೀಟರ್ ಉದ್ದ ಎಂದಿಟ್ಟುಕೊಳ್ಳಿ. 300 ಮೀಟರ್ ದೂರದಲ್ಲಿ ಅದು ಅಡ್ಡಲಾಗಿ ನಿಂತರೆ ನಿಮ್ಮ ಬರಿಗಣ್ಣಿಗೆ ಹೆಚ್ಚುಕಡಿಮೆ ಹುಣ್ಣಿಮೆಯ ಚಂದ್ರನಷ್ಟು ಅಗಲ ಕಾಣುತ್ತದೆ. 500 ಮೀಟರ್ ಆದರೆ ಆ ಅಗಲದ ಅರ್ಧಕ್ಕಿಂತ ತುಸು ಹೆಚ್ಚು.

8 ಪಟ್ಟು ಹಿಗ್ಗಿಸುವ ಬೈನಾಕ್ಯುಲರ್ ಈ 300 ಮೀಟರನ್ನು ಸುಮಾರು 38 ಮೀಟರ್ ಮಾಡಿಬಿಡುತ್ತದೆ. ಮೂಗು, ಕಿವಿ, ಬಾಯಿ ಎಲ್ಲ ಸ್ಪಷ್ಟ. ಹಡಗಿನ ನಡುಕದಲ್ಲಿ 10 ಪಟ್ಟಿನದಕ್ಕಿಂತ 8 ಪಟ್ಟಿನದೇ ಕೈಯಲ್ಲಿ ನಿಲ್ಲುತ್ತದೆ. 8×42 ಎಂಬ ಅಳತೆ ಕೇಳಿ ಕೊಳ್ಳಿ. ಗಂಡಹೆಂಡಿರಿಬ್ಬರಿಗೆ ಒಂದೇ ಸಾಕು ಎಂಬ ಉಳಿತಾಯ ಬೇಡ, ಡೆಕ್ಕಿನ ಮೇಲೆ ಜಗಳ ಖಂಡಿತ.

ಕ್ಯಾಮೆರಾದ ಲೆಕ್ಕ ಹೀಗೆ. ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾಕ್ಕೆ 400 ಮಿಲಿಮೀಟರ್ ಲೆನ್ಸ್ ಹಾಕಿದರೆ 300 ಮೀಟರ್ ದೂರದ ಕರಡಿ ಚಿತ್ರದ ಅಗಲದ ಹನ್ನೊಂದನೇ ಒಂದು ಭಾಗ. 600 ಮಿಲಿಮೀಟರಿಗೆ ಏಳೂವರೆಯಲ್ಲಿ ಒಂದು ಭಾಗ. ಮೊಬೈಲಿನ ಮಾಮೂಲಿ ಕ್ಯಾಮೆರಾದಲ್ಲಿ 4,000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಕರಡಿಯ ಪಾಲು ಸುಮಾರು 23 ಪಿಕ್ಸೆಲ್, ಅಕ್ಕಿಕಾಳಿನಷ್ಟು. ಚಿತ್ರದ ತುಂಬ ಕರಡಿಯ ಮುಖವೇ ಬೇಕು ಎನ್ನುವವರು ಈ ಲೆಕ್ಕ ಒಪ್ಪಿಕೊಂಡೇ ಹೊರಡಬೇಕು. ಕರಡಿ ಚಿಕ್ಕದಾಗಿ, ಗಡ್ಡೆಯ ಬಯಲು ದೊಡ್ಡದಾಗಿ ಇರುವ ಚಿತ್ರವೇ ಆ ಜಾಗವನ್ನು ಸರಿಯಾಗಿ ತೋರಿಸುತ್ತದೆ ಎನ್ನುವ ಛಾಯಾಗ್ರಾಹಕರು ಕಡಿಮೆಯಿಲ್ಲ.

ಇಷ್ಟು ದೂರ ಯಾಕೆ?

ಕರಡಿಯ ಚರ್ಮದಡಿ ಕೊಬ್ಬಿನ ಪದರ 10 ಸೆಂಟಿಮೀಟರ್‌ವರೆಗೂ ಇರಬಹುದು, ಮೇಲೆ ದಟ್ಟ ತುಪ್ಪಳ. ಚಳಿಗೆ ಇದು ವರ, ಓಟಕ್ಕೆ ಶಾಪ. ಸ್ವಲ್ಪ ಓಡಿದರೂ ಮೈ ಕಾದುಹೋಗುತ್ತದೆ. ಹಡಗಿಗೆ ಬೆದರಿ ಗಡ್ಡೆಯಿಂದ ಗಡ್ಡೆಗೆ ಓಡಿದರೆ, ನೀರಿಗೆ ಬಿದ್ದು ಈಜಿದರೆ, ಬೇಟೆಯಿಂದ ಕೂಡಿಟ್ಟ ಕೊಬ್ಬು ಸುಮ್ಮನೆ ಖರ್ಚು. ಸೀಲ್‌ನ ಉಸಿರುತೂತಿನ ಪಕ್ಕ ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕಾದ ಕರಡಿಗೆ ಒಂದು ಎಂಜಿನ್ ಸದ್ದು ಸಾಕು, ಅಷ್ಟೂ ಕಾಯುವಿಕೆ ನೀರುಪಾಲು.

ಮಾರ್ಚ್‌ನಿಂದ ಜೂನ್‌ವರೆಗೆ 500 ಮೀಟರ್ ಎಂದಿರುವುದಕ್ಕೂ ಕಾರಣವಿದೆ. ಬಸುರಿ ಕರಡಿಗಳು ಮಾತ್ರ ಚಳಿಗಾಲದಲ್ಲಿ ಹಿಮದ ಗುಹೆ ಸೇರುತ್ತವೆ. ಉಳಿದವು ವರ್ಷವಿಡೀ ಅಲೆಯುತ್ತವೆ. ಹುಟ್ಟುವಾಗ ಮರಿಯ ತೂಕ ಬರೀ 600 ಗ್ರಾಂ ಆಸುಪಾಸು. ಮಾರ್ಚ್, ಏಪ್ರಿಲ್‌ನಲ್ಲಿ ತಾಯಿ ಮರಿಗಳೊಂದಿಗೆ ಹೊರಬರುವ ಹೊತ್ತಿಗೆ ಅವಳು ತಿಂಗಳುಗಟ್ಟಲೆ ಉಪವಾಸವಿದ್ದಿರುತ್ತಾಳೆ. ಅದೇ ಸಮಯಕ್ಕೆ ಕೊಬ್ಬಿದ ಸೀಲ್ ಮರಿಗಳು ಸಿಗುತ್ತವೆ, ಉಳಿದ ಕರಡಿಗಳು ಜೊತೆಗೂಡುವುದೂ ಆಗಲೇ. ವರ್ಷದ ದುಡಿಮೆಯೆಲ್ಲ ಈ ಕೆಲವೇ ತಿಂಗಳಲ್ಲಿ ನಡೆಯಬೇಕು.

ನಮ್ಮ ದರೋಜಿ ಕರಡಿಧಾಮದಲ್ಲಿ ಬಂಡೆಗಳಿಗೆ ಬೆಲ್ಲ, ಜೇನು ಸವರಿ ಕರಡಿಗಳನ್ನು ಕಾವಲುಗೋಪುರದ ಎದುರಿಗೆ ಬರಿಸುತ್ತಾರೆ. ಸ್ವಾಲ್ಬಾರ್ಡಿನಲ್ಲಿ ಅಂಥದ್ದು ಅಪರಾಧ. ಕರಡಿಯನ್ನು ಸೆಳೆಯುವುದು, ಬೆನ್ನಟ್ಟುವುದು, ಅದಕ್ಕೆ ತೊಂದರೆ ಕೊಡುವುದು ಮೂರನ್ನೂ ಕಾನೂನು ನಿಷೇಧಿಸಿದೆ. ಬೇಟೆಯಂತೂ 1973ರಲ್ಲೇ ನಿಂತಿತು. ಕೆನಡಾ, ಡೆನ್ಮಾರ್ಕ್, ನಾರ್ವೆ, ಅಮೆರಿಕ, ಸೋವಿಯತ್ ಒಕ್ಕೂಟ ಸೇರಿ ಹಿಮಕರಡಿ ರಕ್ಷಣೆಯ ಒಪ್ಪಂದಕ್ಕೆ ಸಹಿ ಹಾಕಿದ್ದೂ ಅದೇ ವರ್ಷ.

2025ರ ನಿಯಮಗಳಲ್ಲಿ ಪ್ರಯಾಣಿಕರಿಗೆ ನೇರವಾಗಿ ತಟ್ಟುವುದು ಇನ್ನೆರಡು: ಸಂರಕ್ಷಿತ ಪ್ರದೇಶಗಳಿಗೆ 200ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಬರುವಂತಿಲ್ಲ, ಮತ್ತು ಅಲ್ಲಿ ಪ್ರವಾಸಿಗರು ದಡಕ್ಕಿಳಿಯಬಹುದಾದ್ದು ಗೊತ್ತುಮಾಡಿದ 43 ಕಡೆ ಮಾತ್ರ. ಸ್ವಾಲ್ಬಾರ್ಡಿನ ನೆಲದ ಸುಮಾರು 65% ಸಂರಕ್ಷಿತ ಪ್ರದೇಶವೇ ಆದ್ದರಿಂದ ಇದು ಸಣ್ಣ ಮಾತಲ್ಲ. ಟಿಕೆಟ್ ಕೊಳ್ಳುವ ಮುನ್ನ ಹಡಗಿನ ಪ್ರಯಾಣಿಕರ ಸಂಖ್ಯೆ ಕೇಳಿ.

ಕರಡಿ ಕಂಡಿತು. ಮುಂದೇನು?

ಮೊದಲು ವೇಗ ಇಳಿಯುತ್ತದೆ. ಕ್ಯಾಪ್ಟನ್ ಗಾಳಿಯ ದಿಕ್ಕು ನೋಡುತ್ತಾರೆ. ಕರಡಿಗೆ ಕಣ್ಣಿಗಿಂತ ಮೂಗು ದೊಡ್ಡದು. ಒಂದು ಕಿಲೋಮೀಟರಿಗೂ ಹೆಚ್ಚು ದೂರದ ಸೀಲ್‌ನ ವಾಸನೆಯನ್ನು ಹಿಡಿಯಬಲ್ಲದು. ಹಡಗಿನ ಕಡೆಯಿಂದ ಗಾಳಿ ಬೀಸಿದರೆ ಡೀಸೆಲ್ ಹೊಗೆ, ಅಡುಗೆಮನೆಯ ಘಮ ಎಲ್ಲ ಅದಕ್ಕೆ ತಲುಪುತ್ತದೆ. ಕೆಲವು ಕರಡಿಗಳು ಅದಕ್ಕೆ ಎದ್ದುಹೋಗುತ್ತವೆ, ಕೆಲವು ಕುತೂಹಲದಿಂದ ಬರುತ್ತವೆ.

ಆಮೇಲೆ ಹಡಗು ನಿಲ್ಲುತ್ತದೆ, ಅಥವಾ ಆಮೆವೇಗದಲ್ಲಿ ಓರೆಯಾಗಿ ಸರಿಯುತ್ತದೆ. ನೇರವಾಗಿ ಕರಡಿಯತ್ತ ಮೂತಿ ಮಾಡುವುದಿಲ್ಲ. ಧ್ವನಿವರ್ಧಕ ಬಂದ್, ಬಾಗಿಲುಗಳನ್ನು ಮೆಲ್ಲಗೆ ಹಾಕಬೇಕು, ಕಬ್ಬಿಣದ ಮೆಟ್ಟಿಲ ಮೇಲೆ ಬೂಟುಗಾಲಿನ ದಡದಡ ಬೇಡ. ಮಂಜುಗಡ್ಡೆಯ ನಡುವೆ ಸದ್ದು ಬಹಳ ದೂರ ಹೋಗುತ್ತದೆ.

ಕರಡಿಯೇ ಹತ್ತಿರ ಬಂದರೆ? ಆಗಲೂ ನಿಯಮ ಬದಲಾಗದು. ಹಡಗೇ ಹಿಂದೆ ಸರಿಯಬೇಕು. ಗಡ್ಡೆಯ ನಡುವೆ ಹಡಗನ್ನು ಹಿಂದಕ್ಕೆ ತೆಗೆಯುವುದೆಂದರೆ ಗಲ್ಲಿಯಲ್ಲಿ ಲಾರಿ ರಿವರ್ಸ್ ತೆಗೆದಂತೆ: ನಿಧಾನ, ಗದ್ದಲ. ಅದಕ್ಕೇ ಅನುಭವಿ ಕ್ಯಾಪ್ಟನ್‌ಗಳು ಗೆರೆ ಮುಟ್ಟುವವರೆಗೆ ಕಾಯದೆ ಮೊದಲೇ ಹೊರಡುತ್ತಾರೆ. ಈ ಕಾನೂನು ಅನ್ವಯಿಸುವುದು ದಡದಿಂದ 12 ನಾಟಿಕಲ್ ಮೈಲಿಯವರೆಗಿನ ಪ್ರಾದೇಶಿಕ ಸಮುದ್ರದಲ್ಲಿ. ಉತ್ತರದ ತೇಲುಗಡ್ಡೆ ಅದರಾಚೆ ಇದ್ದರೆ ಅಲ್ಲಿ ದೂರ ತೀರ್ಮಾನಿಸುವುದು ಕ್ಯಾಪ್ಟನ್, ಗೈಡ್‌ಗಳ ವಿವೇಕ. ಹಡಗಿನ ಬುಡದಲ್ಲಿ ಕರಡಿ ಇರುವ ಹೊಸ ಚಿತ್ರ ಕಂಡರೆ ‘ಎಲ್ಲಿ ತೆಗೆದದ್ದು’ ಎಂದು ಕೇಳುವುದು ಇದಕ್ಕೇ.

ಬೈನಾಕ್ಯುಲರಿನಲ್ಲಿ ಕರಡಿಯ ಮನಸ್ಸನ್ನೂ ಓದಬಹುದು. ಮೂಗು ಮೇಲೆತ್ತಿ ಗಾಳಿ ಹೀರುವುದು, ಹಿಂಗಾಲ ಮೇಲೆ ನಿಲ್ಲುವುದು ಕುತೂಹಲ, ದಾಳಿಯ ಸೂಚನೆಯಲ್ಲ. ಪದೇಪದೇ ಆಕಳಿಸುವುದು, ಹೊರಟುಹೋಗುತ್ತ ಹೆಗಲ ಮೇಲಿಂದ ತಿರುಗಿ ನೋಡುವುದು ಕಿರಿಕಿರಿ. ಹಾಗೆ ಕಂಡರೆ ದೂರ 300 ಇದ್ದರೂ 600 ಇದ್ದರೂ ಹಡಗು ಹೆಚ್ಚೇ ಹತ್ತಿರ ಬಂದಿದೆ ಎಂದರ್ಥ. ತಲೆ ತಗ್ಗಿಸಿ, ಕಿವಿ ಹಿಂದಕ್ಕೆ ಒತ್ತಿ, ಬುಸುಗುಟ್ಟಿದರೆ ಅದು ಬೆದರಿಕೆ. ಕುತ್ತಿಗೆಗೆ ಪಟ್ಟಿ ಕಂಡರೆ ಅದು ಹೆಣ್ಣು, ವಿಜ್ಞಾನಿಗಳು ಕಟ್ಟಿದ ಉಪಗ್ರಹ ಕಾಲರ್. ಗಂಡಿನ ಕುತ್ತಿಗೆ ತಲೆಗಿಂತ ದಪ್ಪ, ಪಟ್ಟಿ ಜಾರಿಹೋಗುತ್ತದೆ.

ದಡಕ್ಕೆ ಇಳಿಯುವ ದಿನ

ಕರಡಿ ಇರುವ ಕಡೆ ಯಾರೂ ಇಳಿಯುವುದಿಲ್ಲ. ಆದರೆ ಕರಡಿ ಇಲ್ಲ ಎಂದು ಖಚಿತಪಡಿಸಿಕೊಳ್ಳುವುದೇ ದೊಡ್ಡ ಕೆಲಸ. ಗೈಡ್‌ಗಳು ಮೊದಲು ಬ್ರಿಡ್ಜಿನಿಂದ, ಆಮೇಲೆ ದೋಣಿಯಿಂದ ಇಡೀ ದಡ ಜಾಲಾಡುತ್ತಾರೆ. ನಂತರ ರೈಫಲ್ ಮತ್ತು ಬೆಳಕುಗುಂಡು ಹಾರಿಸುವ ಸಿಗ್ನಲ್ ಪಿಸ್ತೂಲಿನೊಂದಿಗೆ ಇಳಿದು ದಿಬ್ಬಗಳ ಹಿಂದೆ ನೋಡಿ, ಎತ್ತರದ ಜಾಗಗಳಲ್ಲಿ ಕಾವಲು ನಿಂತ ಮೇಲಷ್ಟೇ ಪ್ರಯಾಣಿಕರ ದೋಣಿ ಹೊರಡುತ್ತದೆ. ಮಂಜು ಕವಿದರೆ ಇಳಿಯುವುದು ರದ್ದು. ಇದಕ್ಕೆ ಗೊಣಗುವವರಿಗೆ ಒಂದು ಲೆಕ್ಕ: ಕರಡಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು, 300 ಮೀಟರಿಗೆ 27 ಸೆಕೆಂಡು.

ಎಡವಟ್ಟು ಆಗಿಯೂ ಇದೆ. 2018ರ ಜುಲೈಯಲ್ಲಿ ಉತ್ತರದ ಶೂಓಯಾನೆ ದ್ವೀಪಗಳಲ್ಲಿ, ಪ್ರಯಾಣಿಕರು ಇಳಿಯುವ ಮುನ್ನ ಜಾಗ ಪರೀಕ್ಷಿಸಲು ಹೋದ ಕಾವಲುಗಾರನ ಮೇಲೆ ಕರಡಿ ಎರಗಿತು. ಅವನು ಬದುಕಿದ, ಕರಡಿ ಗುಂಡಿಗೆ ಬಲಿಯಾಯಿತು. 2020ರ ಆಗಸ್ಟಿನಲ್ಲಿ ಲಾಂಗ್‌ಯಿಯರ್‌ಬೀನ್ ಬಳಿಯ ಟೆಂಟ್ ತಂಗುದಾಣದಲ್ಲಿ ಒಬ್ಬರು ಸತ್ತರು. 1971ರಿಂದ ಈಚೆಗೆ ಅದು ಆರನೇ ಸಾವು.

ನಿಮ್ಮ ಪಾಲಿನ ಕೆಲಸ ಇಷ್ಟೇ: ಗುಂಪು ಬಿಡಬೇಡಿ, ಫೋಟೊಗೆಂದು ಹಿಂದುಳಿಯಬೇಡಿ, ‘ದೋಣಿಗೆ’ ಎಂದ ಕೂಡಲೇ ಓಡದೆ ಹೊರಡಿ.

ಯಾವ ತಿಂಗಳು?

ಮೇ, ಜೂನ್‌ನಲ್ಲಿ ಗಡ್ಡೆ ಹೆಚ್ಚು, ಹಿಮ ಹೆಚ್ಚು, ಕರಡಿ ಬೇಟೆಯಾಡುವ ಕಾಲ. ಆದರೆ 500 ಮೀಟರ್ ನಿಯಮ, ಮತ್ತು ಗಡ್ಡೆ ಅಡ್ಡಬಂದು ಪೂರ್ವದ ದ್ವೀಪಗಳು, ಹಿನ್ಲೋಪೆನ್ ಜಲಸಂಧಿ ಸಿಗದೇ ಹೋಗಬಹುದು. ಜುಲೈಯಲ್ಲಿ ದೂರ 300ಕ್ಕೆ ಇಳಿಯುತ್ತದೆ, ತೇಲುಗಡ್ಡೆಯ ಅಂಚಿಗೂ ಹೋಗಲು ಸಾಧ್ಯ. ಒಂದೇ ತಿಂಗಳು ಹೇಳಿ ಎಂದರೆ ಜುಲೈ. ಆಗಸ್ಟಿನಲ್ಲಿ ಮುಖ್ಯ ದ್ವೀಪಕ್ಕೆ ಪೂರ್ತಿ ಸುತ್ತು ಹಾಕುವ ಅವಕಾಶ ಹೆಚ್ಚು, ಕರಡಿಗಳು ಕಲ್ಲುದಡದಲ್ಲಿ.

ಹೊರಡುವ ಮುನ್ನ

ಭಾರತದ ಪಾಸ್‌ಪೋರ್ಟ್ ಉಳ್ಳವರು ಹೆಚ್ಚಾಗಿ ಎಡವುವುದು ವೀಸಾದಲ್ಲಿ. ಸ್ವಾಲ್ಬಾರ್ಡಿಗೆ ವೀಸಾ ಬೇಡ, ನಿಜ. ಆದರೆ ಅಲ್ಲಿಗೆ ವಿಮಾನ ಹೋಗುವುದು ನಾರ್ವೆಯಿಂದ, ಅದಕ್ಕೆ ಶೆಂಗನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾ, ಬೇಕು. ಸ್ವಾಲ್ಬಾರ್ಡ್ ಶೆಂಗನ್ ವಲಯದ ಹೊರಗಿರುವುದರಿಂದ ಅಲ್ಲಿಂದ ಓಸ್ಲೊಗೆ ಮರಳುವುದು ಎರಡನೇ ಪ್ರವೇಶ ಎಂದೇ ಲೆಕ್ಕ. ಒಂದೇ ಪ್ರವೇಶದ ವೀಸಾ ಇದ್ದರೆ ವಾಪಸು ಬರುವಾಗ ಸಿಕ್ಕಿಹಾಕಿಕೊಳ್ಳುತ್ತೀರಿ; ಬಹುಪ್ರವೇಶದ್ದನ್ನೇ ಕೇಳಿ.

ಜುಲೈಯಲ್ಲೂ ಉಷ್ಣಾಂಶ 6, 7 ಡಿಗ್ರಿ. ಗಡ್ಡೆಯ ಅಂಚಿನಲ್ಲಿ ಸೊನ್ನೆಯ ಆಸುಪಾಸು, ಮೇಲೆ ಗಾಳಿ. ಒಂದು ದಪ್ಪ ಕೋಟಿಗಿಂತ ಪದರಗಳು ಮೇಲು: ಮೈಗೆ ಉಣ್ಣೆಯ ಒಳಬಟ್ಟೆ, ಅದರ ಮೇಲೆ ಫ್ಲೀಸ್, ಹೊರಗೆ ಗಾಳಿ ನೀರು ತಡೆಯುವ ಜಾಕೆಟ್ಟು. ಹತ್ತಿಯ ಬನಿಯನ್ ಬೆವರು ಹಿಡಿದು ಚಳಿ ಹೆಚ್ಚಿಸುತ್ತದೆ. ಕೈಗೆ ತೆಳುಗವಸಿನ ಮೇಲೆ ದಪ್ಪಗವಸು.

ಕ್ಯಾಮೆರಾವನ್ನು ಸ್ವಯಂಚಾಲಿತ ಬೆಳಕಿನ ಅಳತೆಗೆ ಬಿಟ್ಟರೆ ಹಿಮ ಬೂದಿಬಣ್ಣಕ್ಕೆ ತಿರುಗುತ್ತದೆ. ಎಕ್ಸ್‌ಪೋಷರ್ ಅನ್ನು +0.7ರಿಂದ +1.3ರವರೆಗೆ ಏರಿಸಿ. ಬೆಚ್ಚಗಿನ ಕ್ಯಾಬಿನ್ನಿನ ಕಿಟಕಿಯಿಂದ ತೆಗೆದ ಚಿತ್ರಗಳು ಕಾದ ರಸ್ತೆಯ ಮೇಲಿನ ಬಿಸಿಲುಕುದುರೆಯಂತೆ ಅಲುಗುತ್ತವೆ. ಒಳಗಿನ ಬಿಸಿಗಾಳಿ ಹೊರಗಿನ ತಂಪಿಗೆ ಸೇರುವುದು ಅದಕ್ಕೆ ಕಾರಣ, ಲೆನ್ಸಿನ ದೋಷವಲ್ಲ. ಬಯಲಿಗೆ ಬಂದು ಲೆನ್ಸು ತಣಿಯಲು ಹತ್ತು ನಿಮಿಷ ಕೊಡಿ. ಒಳಗೆ ಮರಳುವಾಗ ಬಾಗಿಲ ಹೊರಗೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ. ಮೆಮೊರಿ ಕಾರ್ಡ್ ಮಾತ್ರ ಮೊದಲೇ ತೆಗೆದಿಟ್ಟುಕೊಳ್ಳಿ. ಚೀಲದ ಹೊರಮೈ ಮೇಲೆ ಬೆವರಿನಂತೆ ಹನಿ ಮೂಡುತ್ತದೆ. ಅದು ಪೂರ್ತಿ ಆರುವವರೆಗೆ ಗಂಟು ಬಿಚ್ಚಬೇಡಿ.